38 ನಿಮಿಷ: ಒಂದು ತುರ್ತು ಕರೆ ತಡವಾದ ಪ್ರಕರಣ

ಬೆಳಿಗ್ಗೆ 6:55ಕ್ಕೆ ಆ ಮನೆಯಲ್ಲಿ 66 ವರ್ಷದ ಹೆಂಗಸಿಗೆ ಪಾರ್ಶ್ವವಾಯು ಹೊಡೆಯಿತು. ತುರ್ತು ಸೇವೆಗೆ ಕರೆ ಹೋದದ್ದು 7:33ಕ್ಕೆ. ಆಂಬುಲೆನ್ಸ್ ಮನೆ ಬಾಗಿಲಿಗೆ ಬರಲು ಹಿಡಿದದ್ದು 14 ನಿಮಿಷ. ಆಮೇಲೆ ಮನೆಯವರು ನೋಡಲು ಬಂದವರಿಗೆಲ್ಲ ಹೇಳಿದ್ದು, "ಆಂಬುಲೆನ್ಸ್ ಬರೋದು ತಡವಾಯ್ತು" ಎಂದು. ಗಡಿಯಾರವನ್ನು ಪಕ್ಕಕ್ಕಿಟ್ಟುಕೊಂಡು ನಡೆದದ್ದನ್ನೆಲ್ಲ ಸಾಲಾಗಿ ಬರೆದರೆ ಬೇರೆಯೇ ಚಿತ್ರ ಸಿಗುತ್ತದೆ. ಅತಿ ಹೆಚ್ಚು ಹೊತ್ತು ವ್ಯರ್ಥವಾದದ್ದು ರಸ್ತೆಯಲ್ಲೂ ಅಲ್ಲ, ಆಸ್ಪತ್ರೆಯಲ್ಲೂ ಅಲ್ಲ, ಆ ಮನೆಯಿಂದ ಯಾರೂ ತುರ್ತು ನಂಬರ್ ಒತ್ತದೇ ಇದ್ದ ಮೊದಲ 38 ನಿಮಿಷಗಳಲ್ಲಿ.

ಇದು ಒಂದೇ ಮನೆಯ ಕಡತವಲ್ಲ. ತುರ್ತು ಕರೆಗಳಲ್ಲಿ ಮತ್ತೆ ಮತ್ತೆ ಕಾಣಿಸುವ ಸಂಗತಿಗಳನ್ನು ಒಂದು ಮನೆಯೊಳಕ್ಕೆ ತಂದು ಕಟ್ಟಿದ ಪ್ರಕರಣ. ಹಾಗಾಗಿ ಹೆಸರಿಲ್ಲ, ಊರಿಲ್ಲ. ಇಲ್ಲಿ ಯಾರೂ ಅಸಡ್ಡೆ ಮಾಡಿದವರಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಎಲ್ಲರೂ ಆಕೆಗಾಗಿ ಓಡಾಡಿದವರೇ.

ಬಾಲ್ಕನಿಯಿಂದ ಕುರ್ಚಿಗೆ

ವಸತಿ ಸಮುಚ್ಚಯವೊಂದರ ನಾಲ್ಕನೇ ಮಹಡಿ. ಗಂಡ ಹೆಂಡತಿ ಇಬ್ಬರೇ. ಗಂಡನಿಗೆ 71. ಮಗಳಿರುವುದು ಬೇರೆ ಊರಿನಲ್ಲಿ. ಆಕೆಗೆ ಬಹಳ ವರ್ಷಗಳಿಂದ ಬಿಪಿ ಇದೆ, ಮಾತ್ರೆ ನಡೆಯುತ್ತಿದೆ.

6:40ಕ್ಕೆ ಆಕೆ ಬಾಲ್ಕನಿಯ ಗಿಡಗಳಿಗೆ ನೀರು ಹಾಕಲು ಹೋದರು. "ಪೇಪರ್ ಬಂತೇನೇ?" ಎಂದು ಗಂಡ ಒಳಗಿಂದ ಕೇಳಿದರು. "ಇನ್ನೂ ಇಲ್ಲ ರೀ" ಎಂಬ ಉತ್ತರ ಸ್ಪಷ್ಟವಾಗಿ ಬಂತು. 6:55ಕ್ಕೆ ನೀರಿನ ಕ್ಯಾನ್ ಉರುಳಿದ ಸದ್ದು. ಗಂಡ ಹೋಗಿ ನೋಡಿದರೆ ಆಕೆ ಗೋಡೆಗೊರಗಿ ನೆಲದ ಮೇಲೆ ಕೂತಿದ್ದಾರೆ, ಸೀರೆ ಒದ್ದೆಯಾಗಿದೆ. ಕಾಲು ಜಾರಿತೇ ಎಂದರೆ ಉತ್ತರವಾಗಿ ಬಂದದ್ದು ಮಾತಲ್ಲ, ನಾಲಿಗೆ ಹೊರಳದ ಬರಿಯ ದನಿ.

ಅವರು ಹೇಗೋ ಎತ್ತಿ ತಂದು ಕೈಯಿರುವ ಕುರ್ಚಿಯಲ್ಲಿ ಕೂರಿಸಿದರು. ಬಲಗೈ ಕುರ್ಚಿಯ ಕೈ ಮೇಲಿಂದ ಜಾರಿ ಕೆಳಗೆ ತೂಗಾಡಿತು. ತೆಗೆದು ಮಡಿಲಲ್ಲಿಟ್ಟರು. ಮತ್ತೆ ಜಾರಿತು. ಬಾಯಿಯ ಬಲತುದಿ ಇಳಿದಿತ್ತು. ಬಿಪಿ ಏರಿರಬೇಕು ಎಂದುಕೊಂಡು ಮಾತ್ರೆ ಬಾಯಿಗಿಟ್ಟು ನೀರು ಕುಡಿಸಿದರು. ಅರ್ಧ ನೀರು ಬಲಗಡೆಯ ತುಟಿಯಿಂದ ಹೊರಗೆ ಬಂತು, ಉಳಿದರ್ಧ ನೆತ್ತಿಗೇರಿ ಮುಖ ಕೆಂಪಾಗುವಷ್ಟು ಕೆಮ್ಮು ಬಂತು. ಕರಗಿದ ಮಾತ್ರೆಯ ಚೂರು ಗಲ್ಲಕ್ಕೆ ಅಂಟಿಕೊಂಡಿತ್ತು.

ಇಲ್ಲಿ ತುಸು ನಿಲ್ಲಬೇಕು. ಪಾರ್ಶ್ವವಾಯುವಿನಲ್ಲಿ ನುಂಗುವ ಶಕ್ತಿಯೂ ಕೆಡಬಹುದು. ಆಗ ನೀರಾಗಲಿ ಮಾತ್ರೆಯಾಗಲಿ ಶ್ವಾಸನಾಳಕ್ಕಿಳಿದು ಪುಪ್ಪುಸಕ್ಕೆ ಸೋಂಕು ತರಬಹುದು. ಬಿಪಿ ಮಾತ್ರೆಯದು ಇನ್ನೊಂದು ತೊಂದರೆ. ರಕ್ತನಾಳ ಕಟ್ಟಿಕೊಂಡಾಗ ಆಚೆಬದಿಯ ಮೆದುಳಿಗೆ ಒಂದಿಷ್ಟಾದರೂ ರಕ್ತ ಹರಿಯಲು ಒತ್ತಡ ಬೇಕು. ಮನೆಯಲ್ಲಿ ಅಂದಾಜಿನ ಮೇಲೆ ಒತ್ತಡ ಇಳಿಸಿದರೆ ಆ ಹರಿವೂ ಕಡಿಮೆಯಾಗುತ್ತದೆ. ಆಸ್ಪಿರಿನ್ ಕೂಡ ಬೇಡ. ಇದು ರಕ್ತ ಕಟ್ಟಿದ್ದೋ, ರಕ್ತನಾಳ ಒಡೆದದ್ದೋ ಎಂದು ಸ್ಕ್ಯಾನ್ ಆಗುವವರೆಗೆ ಗೊತ್ತಾಗುವುದಿಲ್ಲ. ಒಡೆದಿದ್ದರೆ ಆಸ್ಪಿರಿನ್ ರಕ್ತಸ್ರಾವವನ್ನು ಹೆಚ್ಚಿಸೀತು.

ಗೊತ್ತಾದ ಮೇಲೂ ಕರೆ ಹೋಗಲಿಲ್ಲ

ಇಂಥ ಪ್ರಕರಣಗಳಲ್ಲಿ ಸಾಮಾನ್ಯವಾಗಿ ಹೇಳುವ ಮಾತು, "ರೋಗಲಕ್ಷಣ ಗುರುತಿಸಲಿಲ್ಲ" ಎಂದು. ಈ ಮನೆಗೆ ಆ ಮಾತು ಒಪ್ಪುವುದಿಲ್ಲ.

ಗಂಡ ಏಳು ಗಂಟೆಗೆ ಮಗಳಿಗೆ ಫೋನ್ ಮಾಡಿದರು, ಆಕೆ ಎತ್ತಲಿಲ್ಲ. 7:04ಕ್ಕೆ ಆಕೆಯೇ ವಿಡಿಯೊ ಕರೆ ಮಾಡಿದಳು. "ಅಪ್ಪ, ಅಮ್ಮನ ಮುಖ ತೋರಿಸಿ. ಅಮ್ಮಾ, ನಗು ನೋಡೋಣ. ಎರಡೂ ಕೈ ಎತ್ತು." ಬಾಯಿ ಒಂದೇ ಕಡೆಗೆ ಎಳೆಯಿತು, ಬಲಗೈ ಏಳಲಿಲ್ಲ. "ಅಪ್ಪ, ಇದು ಸ್ಟ್ರೋಕ್ ಥರ ಇದೆ. ಈಗಲೇ ಆಸ್ಪತ್ರೆಗೆ ಕರ್ಕೊಂಡು ಹೋಗಿ."

ಅಂದರೆ 7:06ರ ಹೊತ್ತಿಗೆ ರೋಗದ ಹೆಸರು ಸರಿಯಾಗಿಯೇ ಗೊತ್ತಾಗಿತ್ತು. ಮುಖ, ಕೈ, ಮಾತು ಮೂರನ್ನೂ ನೋಡಿ ಗುರುತಿಸುವುದನ್ನು ಮಗಳು ತಪ್ಪಿಲ್ಲದೆ ಮಾಡಿದ್ದಳು. ಅಲ್ಲಿಂದ ಮುಂದೆ 27 ನಿಮಿಷ ಹೋಯಿತು. ಈ 27 ನಿಮಿಷವನ್ನು ಅರ್ಥ ಮಾಡಿಕೊಳ್ಳುವುದೇ ಈ ಬರಹದ ಮುಖ್ಯ ಕೆಲಸ ಎಂದು ನಾನು ತಿಳಿದಿದ್ದೇನೆ.

"ಆಸ್ಪತ್ರೆಗೆ ಕರ್ಕೊಂಡು ಹೋಗಿ" ಎಂಬ ಮಾತು ತಂದೆಯ ಕಿವಿಗೆ ಬಿದ್ದದ್ದು "ಗಾಡಿ ಹೊಂದಿಸಿ" ಎಂದು. ಅವರು ಆ ಕೆಲಸಕ್ಕೇ ಇಳಿದರು. ಅದಕ್ಕೂ ಮೊದಲು, ಪರಿಚಯದ ವೈದ್ಯರನ್ನು ಒಂದು ಮಾತು ಕೇಳೋಣ ಎಂದು ಕ್ಲಿನಿಕ್ಕಿಗೆ ಎರಡು ಸಲ ಫೋನ್ ಮಾಡಿದರು. ಬೆಳಿಗ್ಗೆ ಏಳಕ್ಕೆ ಅಲ್ಲಿ ಯಾರಿರುತ್ತಾರೆ? ಫೋನ್ ಬಡಿದುಕೊಂಡು ನಿಂತಿತು. 7:18ಕ್ಕೆ ಕಾರಿರುವ ಮೈದುನನಿಗೆ ಕರೆ. "ಅರ್ಧ ಗಂಟೇಲಿ ಬರ್ತೀನಿ ಭಾವ, ಅಕ್ಕನ್ನ ರೆಡಿ ಮಾಡಿಸಿ" ಎಂದರು. ಗಂಡ ಬೀರು ತೆಗೆದು ಒಣ ಸೀರೆ ಹುಡುಕಲು ಹೋದರು.

ಇತ್ತ ಮಗಳು ಸುಮ್ಮನೆ ಕೂತಿರಲಿಲ್ಲ. 7:08ಕ್ಕೆ ತಾನಿರುವ ಊರಿನಿಂದಲೇ ತುರ್ತು ನಂಬರಿಗೆ ಕರೆ ಮಾಡಿದಳು. ತುರ್ತು ಕರೆ ಸಾಮಾನ್ಯವಾಗಿ ಹೋಗುವುದು ಕರೆ ಮಾಡುವವರು ಇರುವ ಜಾಗದ ಕೇಂದ್ರಕ್ಕೆ, ರೋಗಿ ಇರುವ ಊರಿನ ಕೇಂದ್ರಕ್ಕಲ್ಲ. ಅಲ್ಲಿನವರು ವಿಳಾಸ ಕೇಳಿ, ಅದು ಬೇರೆ ಊರಿನದೆಂದು ತಿಳಿದ ಮೇಲೆ, "ಅಮ್ಮನ ಹತ್ತಿರ ಇರುವವರಿಂದಲೇ ಕರೆ ಮಾಡಿಸಿ, ಅದೇ ಬೇಗ" ಎಂದರು. ಒಳ್ಳೆಯ ಸಲಹೆಯೇ. ಆಕೆ ಅಪ್ಪನಿಗೆ ಮತ್ತೆ ಮತ್ತೆ ಫೋನ್ ಮಾಡಿದಳು. ಒಮ್ಮೆ ಲೈನ್ ಬ್ಯುಸಿ, ಅವರು ಕ್ಲಿನಿಕ್ಕಿನ ಜೊತೆ, ಮೈದುನನ ಜೊತೆ ಲೈನಿನಲ್ಲಿದ್ದರು. ಆಮೇಲೆ ಫೋನ್ ಹಾಲಿನಲ್ಲಿ, ಅವರು ಕೋಣೆಯಲ್ಲಿ.

ದೂರದಲ್ಲಿರುವ ಮಕ್ಕಳು ಈ ಸಂಗತಿಯನ್ನು ಗಟ್ಟಿಯಾಗಿ ಹಿಡಿದಿಟ್ಟುಕೊಳ್ಳಬೇಕು. ಅಪ್ಪ ಅಮ್ಮ ಲೈನಿನಲ್ಲಿರುವಾಗಲೇ "ಈಗ ಈ ಕರೆ ಇಟ್ಟು, ತುರ್ತು ನಂಬರ್ ಒತ್ತಿ, ನಾನು ಪಕ್ಕದ ಮನೆಯವರಿಗೆ ಹೇಳ್ತೀನಿ" ಎಂದು ಕೆಲಸ ಹಂಚಿಬಿಡಬೇಕು. ನೀವೇ ಕರೆ ಮಾಡುವ ಪ್ರಸಂಗ ಬಂದರೆ ಮೊದಲ ಮಾತಿನಲ್ಲೇ "ರೋಗಿ ಇರೋದು ಬೇರೆ ಊರಲ್ಲಿ" ಎಂದು ಊರಿನ ಹೆಸರು ಹೇಳಬೇಕು.

7:15ರ ಸುಮಾರಿಗೆ ಇನ್ನೊಂದು ಘಟನೆ. ಆಕೆಯ ಬಲಗೈ ಬೆರಳುಗಳು ತುಸು ಅಲುಗಿದವು. "ಸಾಕು" ಎಂಬ ಒಂದು ಮಾತು ಸ್ಪಷ್ಟವಾಗಿ ಹೊರಬಂತು. ಗಂಡನಿಗೆ ಜೀವ ಬಂದಂತಾಯಿತು. ಮೈದುನ ಅರ್ಧ ಗಂಟೆ ಎಂದಾಗ ಅವರು ಅವಸರ ಮಾಡದಿರಲು ಇದೇ ಕಾರಣ. ಪಾರ್ಶ್ವವಾಯು ಶುರುವಿನಲ್ಲಿ ಹೀಗೆ ಏರಿಳಿಯುವುದುಂಟು, ಇಳಿದದ್ದು ಮತ್ತೆ ಇನ್ನೂ ಜೋರಾಗಿ ಬರುವುದೂ ಉಂಟು.

7:30ಕ್ಕೆ ಮಗಳು ಪಕ್ಕದ ಮನೆಯಾಕೆಯ ನಂಬರ್ ಹುಡುಕಿ ಕರೆ ಮಾಡಿದಳು. ಆಕೆ ಮರು ನಿಮಿಷವೇ ಮಗನನ್ನು ಕರೆದುಕೊಂಡು ಬಂದರು. ಕುರ್ಚಿಯಲ್ಲಿದ್ದವರನ್ನು ಒಮ್ಮೆ ನೋಡಿ, "ಅಂಕಲ್, ಆಂಬುಲೆನ್ಸಿಗೆ ಹೇಳಿದ್ರಾ?" ಎಂದು ಕೇಳಿದರು. "ಕಾರ್ ಬರ್ತಿದೆಯಮ್ಮ." ಆಕೆ ಮುಂದೆ ಮಾತಾಡದೆ ಫೋನ್ ತೆಗೆದರು.

ಆ ಕರೆ

ಫೋನನ್ನು ಸ್ಪೀಕರಿಗೆ ಹಾಕಿ ರೋಗಿಯ ಪಕ್ಕದ ಸ್ಟೂಲಿನ ಮೇಲಿಟ್ಟರು. ಎರಡು ಕೈಯೂ ಬಿಡುವಾದವು, ಕೇಳಿದ ಪ್ರಶ್ನೆಗೆ ರೋಗಿಯನ್ನು ನೋಡಿಕೊಂಡೇ ಉತ್ತರಿಸಬಹುದಾಯಿತು. ಮಾತುಕತೆ ಹೀಗೆ ನಡೆಯಿತು.

"ತುರ್ತು ಸೇವೆ. ಎಲ್ಲಿಂದ ಮಾತಾಡ್ತಿದ್ದೀರಿ? ಪೂರ್ತಿ ವಿಳಾಸ ಹೇಳಿ."

ಪಕ್ಕದ ಮನೆಯಾಕೆ ಸಮುಚ್ಚಯದ ಹೆಸರು, ರಸ್ತೆ, ಬ್ಲಾಕ್, ನಾಲ್ಕನೇ ಮಹಡಿ, ಮನೆ ನಂಬರ್ ಹೇಳಿದರು. ಆ ಕಡೆಯವರು ಅದನ್ನು ತಿರುಗಿ ಓದಿ ಹೇಳಿದರು.

"ಈ ನಂಬರಿಗೇ ವಾಪಸ್ ಕರೆ ಮಾಡಬಹುದಾ?"

"ಹೌದು."

"ಏನಾಗಿದೆ?"

"ಆಂಟಿಗೆ ಹೈ ಬಿಪಿ ಆಗಿರಬೇಕು, ಬಿದ್ದುಬಿಟ್ಟಿದ್ದಾರೆ."

"ನಿಮ್ಮ ಕಣ್ಣಿಗೆ ಏನು ಕಾಣಿಸ್ತಿದೆ ಅದನ್ನ ಹೇಳಿ."

"ಬಾಯಿ ಒಂದು ಕಡೆ ಸೊಟ್ಟಗಾಗಿದೆ. ಬಲಗೈ ಎತ್ತಕ್ಕಾಗ್ತಿಲ್ಲ. ಮಾತು ತೊದಲ್ತಿದೆ."

"ಎಚ್ಚರವಾಗಿದ್ದಾರಾ? ಉಸಿರಾಟ ಸರಿಯಾಗಿದೆಯಾ?"

"ಎಚ್ಚರ ಇದ್ದಾರೆ. ಉಸಿರಾಡ್ತಿದ್ದಾರೆ."

"ಸರಿ, ಗಾಡಿ ಕಳಿಸ್ತಿದ್ದೇವೆ. ಫೋನ್ ಇಡಬೇಡಿ. ಕೊನೆಯ ಸಲ ಅವರು ಪೂರ್ತಿ ಸರಿಯಾಗಿದ್ದದ್ದನ್ನ ಯಾರು, ಎಷ್ಟು ಹೊತ್ತಿಗೆ ನೋಡಿದ್ರು?"

ಗಂಡ ಮೊದಲು ಹೇಳಿದ್ದು 6:55 ಎಂದು. ಬಿದ್ದದ್ದು ಆಗಲೋ, ಅದಕ್ಕೂ ಮುಂಚೆ ಮಾತಾಡಿದ್ದು ಯಾವಾಗ ಎಂದು ಮತ್ತೆ ಕೇಳಿದ ಮೇಲೆ ಪೇಪರಿನ ಮಾತು ನೆನಪಾಯಿತು. 6:40.

ಇಷ್ಟು ಚಿಕ್ಕ ಮಾತುಕತೆಯಲ್ಲಿ ಎಷ್ಟು ಕೆಲಸ ಆಯಿತು ನೋಡಿ. ವಿಳಾಸವನ್ನು ಎಲ್ಲಕ್ಕಿಂತ ಮೊದಲು ಕೇಳಿದ್ದಕ್ಕೆ ಕಾರಣವಿದೆ. ಕರೆ ಯಾವ ಗಳಿಗೆಯಲ್ಲಿ ಕಡಿದುಹೋದರೂ ಗಾಡಿ ಎಲ್ಲಿಗೆ ಬರಬೇಕೆಂದು ಗೊತ್ತಿರುತ್ತದೆ. ಮೊಬೈಲಿನಿಂದ ಕೇಂದ್ರಕ್ಕೆ ಜಾಗ ಗೊತ್ತಾಗುವುದಿಲ್ಲವೇ ಎಂದು ಹಲವರು ಕೇಳುತ್ತಾರೆ. ಕೆಲವು ಕಡೆ ಫೋನಿನ ಜಿಪಿಎಸ್ ಮಾಹಿತಿ ತಾನಾಗಿ ಹೋಗುತ್ತದೆ, ಕೆಲವು ಕಡೆ ಹತ್ತಿರದ ಟವರಿನ ಸುತ್ತಲ ಪ್ರದೇಶವಷ್ಟೇ ಸಿಗುತ್ತದೆ. ಎಷ್ಟೇ ನಿಖರವಾಗಿದ್ದರೂ ಯಾವ ಬ್ಲಾಕು, ಎಷ್ಟನೇ ಮಹಡಿ ಎಂಬುದನ್ನು ಬಾಯಲ್ಲಿ ಹೇಳುವುದೇ ಭದ್ರ. ರಸ್ತೆಯಲ್ಲಿದ್ದರೆ ಕಿಲೋಮೀಟರ್ ಕಲ್ಲು, ಯಾವ ಕಡೆಗೆ ಹೋಗುವ ರಸ್ತೆ, ದಾಟಿ ಬಂದ ಸೇತುವೆ, ಅಂಗಡಿಯ ಬೋರ್ಡು, ಕಂಬದ ಮೇಲಿನ ಸಂಖ್ಯೆ, ಕಂಡದ್ದನ್ನು ಹೇಳಬಹುದು.

"ಹೈ ಬಿಪಿ" ಎಂಬ ಮಾತಿಗೆ ಬರುತ್ತೇನೆ. ಆಕೆ ಅದನ್ನು ಗಂಡನ ಬಾಯಿಂದ ಕೇಳಿ ಹಾಗೇ ದಾಟಿಸಿದರು. ಇಂಥ ಹೊತ್ತಿನಲ್ಲಿ ನಾವೆಲ್ಲ ರೋಗದ ಹೆಸರು ಹೇಳಲು ಹೋಗುತ್ತೇವೆ: ಗ್ಯಾಸ್ ಇರಬೇಕು, ಶುಗರ್ ಇಳಿದಿರಬೇಕು, ಅಟ್ಯಾಕ್ ಆಗಿದೆ. ಕರೆ ತೆಗೆದುಕೊಂಡವರು ಆ ಹೆಸರನ್ನೇ ನಂಬಿದರೆ ಕರೆಯ ದಾರಿಯೇ ತಪ್ಪುತ್ತದೆ. ಬಾಯಿ ಸೊಟ್ಟಗಾಗಿದೆ, ಕೈ ಏಳುತ್ತಿಲ್ಲ, ಎದೆಯಿಂದ ದವಡೆವರೆಗೆ ನೋವು ಅನ್ನುತ್ತಿದ್ದಾರೆ, ರಕ್ತ ಬಟ್ಟೆ ನೆನೆದು ನೆಲಕ್ಕಿಳಿಯುತ್ತಿದೆ. ಹೀಗೆ ಕಂಡದ್ದನ್ನು ಹೇಳಿದರೆ ಸಾಕು. ಇದರ ಇನ್ನೊಂದು ಮುಖವೂ ಇದೆ: ಏನಾಗಿದೆ ಎಂದು ಗೊತ್ತಾಗದಿದ್ದರೂ ಕರೆ ಮಾಡಬಹುದು. ಗೊತ್ತು ಮಾಡಿಕೊಂಡು ಆಮೇಲೆ ಕರೆ ಮಾಡೋಣ ಎಂದು ಕಾಯುವವರು ಬಹಳ ಜನ. ಗೊತ್ತುಮಾಡಿಕೊಳ್ಳುವುದು ಆ ಕಡೆಯವರ ಕೆಲಸ, ಅದಕ್ಕೇ ಅವರಿಗೆ ತರಬೇತಿ ಇರುವುದು.

ಎಚ್ಚರ ಮತ್ತು ಉಸಿರು, ಈ ಎರಡು ಪ್ರಶ್ನೆಗಳಿಗೆ "ಇಲ್ಲ" ಎಂಬ ಉತ್ತರ ಬಂದಿದ್ದರೆ ಈ ಕರೆ ಅಲ್ಲಿಗೇ ಬೇರೆ ದಾರಿ ಹಿಡಿಯುತ್ತಿತ್ತು. ಎದೆಯ ನಡುವೆ ಎರಡು ಕೈಯಿಟ್ಟು ನಿಮಿಷಕ್ಕೆ 100ರಿಂದ 120 ಸಲ, 5ರಿಂದ 6 ಸೆಂಟಿಮೀಟರ್ ಆಳಕ್ಕೆ ಒತ್ತಲು ಫೋನಿನಲ್ಲೇ ಹೇಳಿಕೊಡುತ್ತಾರೆ. ಅಲ್ಲೊಂದು ಮೋಸ ಹೋಗುವ ಜಾಗವಿದೆ. ಹೃದಯ ನಿಂತ ಮೊದಲ ನಿಮಿಷಗಳಲ್ಲಿ ಕೆಲವರು ಗೊರಕೆಯಂಥ, ತಡೆತಡೆದು ಗಾಳಿ ಎಳೆದುಕೊಳ್ಳುವಂಥ ಸದ್ದು ಮಾಡುತ್ತಾರೆ. ಅದನ್ನು ನೋಡಿ "ಉಸಿರಾಡ್ತಿದ್ದಾರೆ" ಎಂದುಬಿಡುತ್ತೇವೆ. ಅದು ಉಸಿರಾಟವಲ್ಲ. ಸಂಶಯವಿದ್ದರೆ ಸದ್ದು ಹೇಗಿದೆ, ಎಷ್ಟು ಹೊತ್ತಿಗೊಮ್ಮೆ ಬರುತ್ತಿದೆ ಎಂದು ಹಾಗೇ ಹೇಳಬೇಕು, ಫೋನನ್ನು ಬಾಯಿಯ ಹತ್ತಿರ ಹಿಡಿದರೂ ಆದೀತು.

ಪ್ರಶ್ನೆ ಕೇಳುವುದರಿಂದ ತಡವಾಗುತ್ತದೆಯೇ?

ನಡುವೆ ಗಂಡನಿಗೆ ತಾಳ್ಮೆ ಕೆಟ್ಟಿತು. "ಇಷ್ಟೆಲ್ಲ ಕೇಳ್ತಾ ಕೂತ್ರೆ ಗಾಡಿ ಯಾವಾಗ ಕಳಿಸ್ತೀರಿ?" ಎಂದು ಫೋನಿನ ಕಡೆಗೆ ಕೂಗಿದರು. ಆ ಸಂಕಟ ಯಾರಿಗಾದರೂ ಬರುವಂಥದ್ದೇ. ಆದರೆ ಆ ಹೊತ್ತಿಗೆ ಗಾಡಿ ಹೊರಟಾಗಿತ್ತು. ವಿಳಾಸ ಮತ್ತು ಮುಖ್ಯ ತೊಂದರೆ ಗೊತ್ತಾದೊಡನೆ ವಿವರ ಗಾಡಿ ಕಳಿಸುವವರಿಗೆ ಹೋಗುತ್ತದೆ. ಮುಂದಿನ ಪ್ರಶ್ನೆಗಳು ನಡೆಯುವುದು ಗಾಡಿ ದಾರಿಯಲ್ಲಿರುವಾಗ. 1970ರ ದಶಕದಲ್ಲಿ ಅಮೆರಿಕದ ಸಾಲ್ಟ್ ಲೇಕ್ ಸಿಟಿಯಲ್ಲಿ, ಕರೆ ತೆಗೆದುಕೊಳ್ಳುವವರು ಯಾವ ಪ್ರಶ್ನೆ ಯಾವ ಕ್ರಮದಲ್ಲಿ ಕೇಳಬೇಕು, ಗಾಡಿ ಬರುವ ತನಕ ಏನು ಹೇಳಿಕೊಡಬೇಕು ಎಂಬುದನ್ನು ಬರೆದಿಟ್ಟ ಪದ್ಧತಿಯೊಂದು ರೂಪುಗೊಂಡಿತು. ಇವತ್ತು ಜಗತ್ತಿನ ಎಷ್ಟೋ ಕೇಂದ್ರಗಳು ಅಂಥ ಪ್ರಶ್ನಾವಳಿಯನ್ನು ಇಟ್ಟುಕೊಂಡೇ ಕೆಲಸ ಮಾಡುತ್ತವೆ. ಹಾಗಾಗಿ ಪ್ರಶ್ನೆ ಒಣದಾಗಿ ಕೇಳಿಸಬಹುದು, ಅದರ ಹಿಂದೆ ಉಪೇಕ್ಷೆಯಿಲ್ಲ.

ಫೋನಿನಲ್ಲೇ ಬಂದ ಸೂಚನೆಗಳು ಇವು: ಬಾಯಿಗೆ ಏನೂ ಹಾಕಬೇಡಿ. ವಾಂತಿ ಬಂದರೆ ಅಥವಾ ಮಂಪರು ಹೆಚ್ಚಾದರೆ ಒಂದು ಮಗ್ಗುಲಿಗೆ ಮಲಗಿಸಿ. ಕೆಳಗಿಳಿಸಲು ಹೋಗಬೇಡಿ (ಗಂಡ ಅದಾಗಲೇ ಹೆಗಲು ಕೊಟ್ಟು ಎಬ್ಬಿಸಲು ನೋಡುತ್ತಿದ್ದರು). ದಿನಾ ತೆಗೆದುಕೊಳ್ಳುವ ಮಾತ್ರೆಗಳನ್ನೆಲ್ಲ ಒಂದು ಚೀಲಕ್ಕೆ ಹಾಕಿ. ರಕ್ತ ತೆಳುವಾಗಿಸುವ ಮಾತ್ರೆ ಇದೆಯಾ, ಸಕ್ಕರೆ ಕಾಯಿಲೆ ಇದೆಯಾ ಹೇಳಿ. ಒಬ್ಬರು ಗೇಟಿಗೆ ಹೋಗಿ ನಿಲ್ಲಿ.

ಕೊನೆಯ ಸೂಚನೆ ಈ ಪ್ರಕರಣದಲ್ಲಿ ಬಹಳ ಕೆಲಸಕ್ಕೆ ಬಂತು. ಸಮುಚ್ಚಯಕ್ಕೆ ಎರಡು ಗೇಟು. ಫೋನಿನ ನಕಾಶೆ ದಾರಿ ತೋರಿಸುವುದು ಹಿಂದಿನ ಗೇಟಿಗೆ, ಅದಕ್ಕೆ ಯಾವಾಗಲೂ ಬೀಗ. ಪಕ್ಕದ ಮನೆಯಾಕೆಯ ಮಗ ಮೂಲೆಯ ತಿರುವಿನಲ್ಲೇ ನಿಂತು ಗಾಡಿಯನ್ನು ಮುಂದಿನ ಗೇಟಿಗೆ ತಿರುಗಿಸಿದ. ಕಾವಲಿನವರಿಗೆ ಹೇಳಿ ಲಿಫ್ಟನ್ನು ಕೆಳಗೇ ತಡೆದಿಡಿಸಿದ. ಲಿಫ್ಟಿನಲ್ಲಿ ಸ್ಟ್ರೆಚರ್ ಹಿಡಿಯುವುದಿಲ್ಲವೆಂದು ಮೊದಲೇ ಹೇಳಿದ್ದರಿಂದ ಸಿಬ್ಬಂದಿ ಕುರ್ಚಿಯಂತೆ ಮಡಚುವ ಸ್ಟ್ರೆಚರನ್ನೇ ಮೇಲೆ ತಂದರು. 7:47ಕ್ಕೆ ಮನೆಯೊಳಗಿದ್ದರು. ಬಂದವರು ಮೊದಲು ಮಾಡಿದ ಕೆಲಸಗಳಲ್ಲಿ ಬೆರಳು ಚುಚ್ಚಿ ಸಕ್ಕರೆ ನೋಡಿದ್ದೂ ಒಂದು. ಸಕ್ಕರೆ ತೀರಾ ಇಳಿದರೂ ಪಾರ್ಶ್ವವಾಯುವಿನಂತೆಯೇ ಕಾಣಬಹುದು. ಇವರದು ಸರಿಯಾಗಿತ್ತು. ಮಾತ್ರೆ ನುಂಗಿಸಲು ನೋಡಿದ್ದನ್ನು, ನೀರು ನೆತ್ತಿಗೇರಿದ್ದನ್ನು ಗಂಡ ಮುಚ್ಚಿಡದೆ ಹೇಳಿದರು. ಅದು ಆಸ್ಪತ್ರೆಯವರಿಗೆ ಬೇಕಾದ ಮಾಹಿತಿಯೇ ಆಗಿತ್ತು.

ಗಾಡಿ ಮಾತ್ರವಾಗಿದ್ದರೆ ಕಾರೇ ಸಾಕಿತ್ತು

ಮೈದುನ ಹೇಳಿದ ಹೊತ್ತಿಗೇ ಬಂದಿದ್ದರೂ 7:48. ಬರಿಯ ಗಾಡಿ ಎಂದು ನೋಡಿದರೆ ಒಂದು ನಿಮಿಷದ ವ್ಯತ್ಯಾಸ. ಹಾಗಿದ್ದ ಮೇಲೆ ಕಾರಿನಲ್ಲಿ ಹೋಗಿದ್ದರೆ ಏನಾಗುತ್ತಿತ್ತು ಎಂದು ಮನೆಯವರು ಕೇಳಿದ್ದು ನ್ಯಾಯವಾದ ಪ್ರಶ್ನೆ.

ಕಾರು ಹೋಗಬೇಕೆಂದಿದ್ದದ್ದು ಹತ್ತಿರದ ನರ್ಸಿಂಗ್ ಹೋಮಿಗೆ. ಅಲ್ಲಿ ಸಿಟಿ ಸ್ಕ್ಯಾನ್ ಇಲ್ಲ. ಪಾರ್ಶ್ವವಾಯುವಿಗೆ ಸ್ಕ್ಯಾನ್ ಇಲ್ಲದೆ ಮುಂದಿನ ಹೆಜ್ಜೆಯೇ ಇಲ್ಲ, ಏಕೆಂದರೆ ಹೆಪ್ಪುಗಟ್ಟಿದ ರಕ್ತದ ಗಡ್ಡೆ ಕರಗಿಸುವ ಔಷಧವನ್ನು ರಕ್ತನಾಳ ಒಡೆದವರಿಗೆ ಕೊಟ್ಟರೆ ಪ್ರಾಣಕ್ಕೇ ಅಪಾಯ. ಅಲ್ಲಿಂದ ಇನ್ನೊಂದು ಆಸ್ಪತ್ರೆಗೆ ಬರೆದುಕೊಟ್ಟು ಕಳಿಸುವುದರೊಳಗೆ ಎಷ್ಟು ಹೊತ್ತು ಹೋಗುತ್ತಿತ್ತೋ. ಆಂಬುಲೆನ್ಸ್ ಸಿಬ್ಬಂದಿ ಸ್ಕ್ಯಾನ್ ಮತ್ತು ಆ ಔಷಧ ಎರಡೂ ಇರುವ, ಸ್ವಲ್ಪ ದೂರದ ಆಸ್ಪತ್ರೆಯನ್ನು ಆರಿಸಿಕೊಂಡರು. ದಾರಿಯಿಂದಲೇ ಅಲ್ಲಿಗೆ ಫೋನ್ ಮಾಡಿ, "66 ವರ್ಷ, ಬಲಭಾಗದ ಶಕ್ತಿ ಇಲ್ಲ, ಮಾತು ತೊದಲು, ಕೊನೆಯದಾಗಿ ಸರಿಯಿದ್ದದ್ದು 6:40" ಎಂದು ಹೇಳಿದರು. 8:12ಕ್ಕೆ ತಲುಪಿದಾಗ ಸ್ಕ್ಯಾನಿನ ಕೋಣೆ ಇವರಿಗಾಗಿ ಖಾಲಿಯಾಗಿತ್ತು. 8:52ಕ್ಕೆ ಔಷಧ ರಕ್ತಕ್ಕೆ ಸೇರಿತು. ಕರೆ ಮಾಡುವುದೆಂದರೆ ಗಾಡಿ ಬಾಡಿಗೆಗೆ ಕರೆಯುವುದಲ್ಲ ಎಂದು ನಾನು ಒತ್ತಿ ಹೇಳುವುದು ಇದಕ್ಕೇ. ಆ ಕರೆಯಿಂದ ಮನೆಯಲ್ಲಿ ತಪ್ಪು ಕೆಲಸಗಳು ನಿಂತವು, ಸರಿಯಾದ ಆಸ್ಪತ್ರೆ ಆಯ್ಕೆಯಾಯಿತು, ಆಸ್ಪತ್ರೆ ತಯಾರಾಗಿ ಕಾಯಿತು. ಗಾಡಿ ಇವುಗಳ ನಡುವಿನ ಒಂದು ಭಾಗ ಅಷ್ಟೇ.

ಆಂಬುಲೆನ್ಸ್ ಬರಲು ಒಂದು ತಾಸು ಹಿಡಿಯುವ ಜಾಗಗಳೂ ಇವೆ, ಅಲ್ಲಿ ಸ್ವಂತ ಗಾಡಿಯೇ ದಾರಿಯಾಗಬಹುದು. ಆಗಲೂ ಮೊದಲು ಕರೆ ಮಾಡಿ ಅದನ್ನೇ ಕೇಳಿ: ಗಾಡಿ ಎಷ್ಟು ಹೊತ್ತಿಗೆ ಬರುತ್ತದೆ, ನಾವೇ ಹೊರಟರೆ ಯಾವ ಆಸ್ಪತ್ರೆಗೆ ಹೋಗಬೇಕು, ದಾರಿಯಲ್ಲಿ ಎಲ್ಲಾದರೂ ಆಂಬುಲೆನ್ಸ್ ಸಿಗುತ್ತದೆಯೇ.

6:40 ಎಂಬ ಸಮಯದ ಬೆಲೆ ಏನೆಂದು ಹೇಳಬೇಕು. ಗಡ್ಡೆ ಕರಗಿಸುವ ಔಷಧ ಪಾರ್ಶ್ವವಾಯು ಶುರುವಾದ 3 ಗಂಟೆಯೊಳಗೆ ಉಪಯೋಗಕ್ಕೆ ಬರುತ್ತದೆಂದು 1995ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗ ತೋರಿಸಿತು. 2008ರಲ್ಲಿ ಇನ್ನೊಂದು ಪ್ರಯೋಗ ಅದನ್ನು ನಾಲ್ಕೂವರೆ ಗಂಟೆಗೆ ವಿಸ್ತರಿಸಿತು. ಗಡಿಯಾರ ಶುರುವಾಗುವುದು ರೋಗಿಯನ್ನು ಕಂಡ ಹೊತ್ತಿನಿಂದಲ್ಲ, ಕೊನೆಯ ಸಲ ಸರಿಯಾಗಿ ಕಂಡ ಹೊತ್ತಿನಿಂದ. ರಾತ್ರಿ ಹತ್ತಕ್ಕೆ ಮಲಗಿದವರು ಬೆಳಿಗ್ಗೆ ಏಳುವಾಗ ಕೈ ಸೋತಿದ್ದರೆ ಲೆಕ್ಕ ರಾತ್ರಿ ಹತ್ತರಿಂದ. ಹಾಗೆಂದು ನಾಲ್ಕೂವರೆ ಗಂಟೆಯನ್ನು ನಮಗೆ ಸಿಕ್ಕ ಬಿಡುವು ಎಂದುಕೊಳ್ಳಬಾರದು. ದೊಡ್ಡ ರಕ್ತನಾಳ ಕಟ್ಟಿದ ಪಾರ್ಶ್ವವಾಯುವಿನಲ್ಲಿ ಚಿಕಿತ್ಸೆಯಿಲ್ಲದೆ ನಿಮಿಷಕ್ಕೆ ಸುಮಾರು 19 ಲಕ್ಷ ನರಕೋಶಗಳು ಸಾಯುತ್ತವೆ ಎಂದು 2006ರಲ್ಲಿ ಲೆಕ್ಕ ಹಾಕಿದ್ದಾರೆ. ಆ ಔಷಧ ಮೊದಲ ಗಂಟೆಯಲ್ಲಿ ಮಾಡುವ ಉಪಕಾರವನ್ನು ನಾಲ್ಕನೇ ಗಂಟೆಯಲ್ಲಿ ಮಾಡಲಾರದು.

ಮೂರು ತಿಂಗಳ ನಂತರ ಆಕೆ ನಡೆಯುತ್ತಾರೆ, ಮಾತಾಡುತ್ತಾರೆ. ಬಲಗೈಯಲ್ಲಿ ರವಿಕೆಯ ಗುಂಡಿ ಹಾಕಿಕೊಳ್ಳಲು ಆಗುವುದಿಲ್ಲ, ಬರೆಯಲು ಹೋದರೆ ಅಕ್ಷರ ಒಡೆಯುತ್ತದೆ. 38 ನಿಮಿಷ ಮೊದಲೇ ಕರೆ ಹೋಗಿದ್ದರೆ ಆ ಬೆರಳುಗಳೂ ಉಳಿಯುತ್ತಿದ್ದವು ಎಂದು ಒಬ್ಬ ರೋಗಿಯ ವಿಷಯದಲ್ಲಿ ಖಚಿತವಾಗಿ ಹೇಳಲು ಯಾರಿಗೂ ಆಗದು. ಗಂಡನಿಗೆ ಅದನ್ನು ಹೇಳುವ ಅಗತ್ಯವೂ ಇಲ್ಲ.

ಯಾಕೆ ಒತ್ತಲಿಲ್ಲ

ನಂಬರ್ ಗೊತ್ತಿರಲಿಲ್ಲವೇ? ಗೊತ್ತಿತ್ತು. ಭಾರತದಲ್ಲಿ 112, ಆಂಬುಲೆನ್ಸಿಗೆ ಹಲವು ರಾಜ್ಯಗಳಲ್ಲಿ 108. ಯುರೋಪಿನಲ್ಲೂ 112, ಬ್ರಿಟನ್ನಿನಲ್ಲಿ 999, ಅಮೆರಿಕದಲ್ಲಿ 911. ಲಾಕ್ ಆದ ಫೋನಿನಿಂದಲೂ ತುರ್ತು ಕರೆ ಹೋಗುತ್ತದೆ. ಗಂಡನನ್ನು ತಡೆದದ್ದು ಬೇರೆ. "ಸೈರನ್ ಹಾಕ್ಕೊಂಡು ಬಂದ್ರೆ ಇಡೀ ಬಿಲ್ಡಿಂಗ್ ಬಂದು ನಿಲ್ಲುತ್ತೆ. ಆಮೇಲೆ ಏನೂ ಇಲ್ಲ ಅಂದ್ರೆ?" ಎಂದು ಅವರು ಆಮೇಲೆ ಹೇಳಿಕೊಂಡರು. ಇನ್ನೂ ಹೆಚ್ಚು ತೊಂದರೆಯಲ್ಲಿರುವವರಿಗೆ ಬೇಕಾದ ಗಾಡಿಯನ್ನು ನಾವು ಕಿತ್ತುಕೊಂಡಂತಾಗುತ್ತದೆ ಎಂಬ ಸಂಕೋಚವೂ ಇತ್ತು. ಈ ಸಂಕೋಚ ಒಳ್ಳೆಯವರಲ್ಲೇ ಹೆಚ್ಚು. ಅಂಥವರಿಗೆ ನಾನು ಹೇಳುವುದಿಷ್ಟು: ಯಾರಿಗೆ ಮೊದಲು ಗಾಡಿ ಹೋಗಬೇಕೆಂದು ತೂಗಿ ನೋಡುವ ಕೆಲಸಕ್ಕೇ ಆ ಕೇಂದ್ರ ಇರುವುದು. ಆ ತಕ್ಕಡಿಯನ್ನು ನೀವು ಮನೆಯಲ್ಲಿ ಹಿಡಿದು ನಿಲ್ಲಬೇಕಾಗಿಲ್ಲ. ಕೈತಪ್ಪಿ ಕರೆ ಹೋದರೂ ಕತ್ತರಿಸದೆ "ತಪ್ಪಾಗಿ ಒತ್ತಿದೆ, ತೊಂದರೆ ಏನಿಲ್ಲ" ಎಂದು ಹೇಳಿದರಾಯಿತು. ಸುಮ್ಮನೆ ಇಟ್ಟರೆ ಏನೋ ಆಗಿದೆ ಎಂದು ಅವರೇ ತಿರುಗಿ ಕರೆ ಮಾಡಬೇಕಾಗುತ್ತದೆ.

ಕ್ಲಿನಿಕ್ಕಿನ ಫೋನ್ ಬಡಿದುಕೊಳ್ಳುತ್ತಲೇ ಇದ್ದದ್ದನ್ನು ನೆನೆದಾಗ ಹಳೆಯ ಸಂಗತಿಯೊಂದು ನೆನಪಾಗುತ್ತದೆ. 1935ರಲ್ಲಿ ಲಂಡನ್ನಿನ ವಿಂಪೋಲ್ ಸ್ಟ್ರೀಟಿನ ಮನೆಯೊಂದಕ್ಕೆ ಬೆಂಕಿ ಬಿದ್ದು ಐವರು ಹೆಂಗಸರು ಸತ್ತರು. ಎದುರು ಮನೆಯವರು ಅಗ್ನಿಶಾಮಕ ದಳಕ್ಕೆ ಫೋನ್ ಮಾಡಲು ನೋಡಿದರೆ ಟೆಲಿಫೋನ್ ವಿನಿಮಯ ಕೇಂದ್ರದ ಸರದಿಯಲ್ಲಿ ಕಾಯಬೇಕಾಯಿತು. ಅವರು ಪತ್ರಿಕೆಗೆ ಬರೆದ ಸಿಟ್ಟಿನ ಪತ್ರ ವಿಚಾರಣೆಗೆ ಕಾರಣವಾಯಿತು, 1937ರಲ್ಲಿ 999 ಬಂತು. ಉಳಿದೆಲ್ಲ ಕರೆಗಳನ್ನು ಪಕ್ಕಕ್ಕಿಟ್ಟು ಮೊದಲು ಎತ್ತಲೆಂದೇ ಮಾಡಿದ ಸಾಲು ಅದು. ಆ ಬೆಳಿಗ್ಗೆ ಈ ಮನೆಯವರು ಹಗಲಿರುಳೂ ಎತ್ತುವ ಆ ಸಾಲನ್ನು ಬಿಟ್ಟು, ಎತ್ತುವವರಿಲ್ಲದ ಸಾಲುಗಳಲ್ಲಿ ಕಾದರು.

ಗಂಡನ ಕೊನೆಯ ಪ್ರಶ್ನೆ

ಎಲ್ಲ ಮುಗಿದ ಮೇಲೆ ಗಂಡ ಕೇಳಿದ ಒಂದು ಪ್ರಶ್ನೆ ನನಗೆ ಈ ಪ್ರಕರಣದಲ್ಲೇ ಬಹಳ ಮುಖ್ಯವೆನಿಸುತ್ತದೆ. "7:15ಕ್ಕೆ ಬೆರಳು ಆಡ್ತಿತ್ತಲ್ಲ, ಅವತ್ತು ಹಾಗೇ ಪೂರ್ತಿ ಸರಿಹೋಗಿಬಿಟ್ಟಿದ್ರೆ? ಆಗಲೂ ಕರೆ ಮಾಡಬೇಕಿತ್ತಾ?"

ಮಾಡಬೇಕಿತ್ತು. ಕೆಲವು ನಿಮಿಷಗಳಲ್ಲೋ ಒಂದೆರಡು ಗಂಟೆಗಳಲ್ಲೋ ತಾನಾಗಿ ಬಿಟ್ಟುಹೋಗುವ ಪಾರ್ಶ್ವವಾಯುವೂ ಉಂಟು. ಕಟ್ಟಿದ ಗಡ್ಡೆ ತಾನೇ ಸರಿದು ರಕ್ತ ಮತ್ತೆ ಹರಿದಾಗ ಹಾಗಾಗುತ್ತದೆ. ಗಡ್ಡೆ ಎಲ್ಲಿಂದ ಬಂತೋ ಆ ಮೂಲ, ಅದು ಕುತ್ತಿಗೆಯ ರಕ್ತನಾಳವಿರಲಿ, ಲಯ ತಪ್ಪಿ ಬಡಿಯುವ ಹೃದಯವಿರಲಿ, ಹಾಗೇ ಉಳಿದಿರುತ್ತದೆ. ಇಂಥ ಚಿಕ್ಕ ಹೊಡೆತದ ನಂತರ ದೊಡ್ಡದು ಬರುವ ಅಪಾಯ ಎಲ್ಲಕ್ಕಿಂತ ಹೆಚ್ಚಿರುವುದು ಮೊದಲ ಎರಡು ದಿನಗಳಲ್ಲಿ. ಆ ಎರಡು ದಿನಗಳಲ್ಲಿ ಪರೀಕ್ಷೆಯಾಗಿ ಚಿಕಿತ್ಸೆ ಶುರುವಾದರೆ ಆ ಅಪಾಯವನ್ನು ಬಹಳ ಮಟ್ಟಿಗೆ ತಗ್ಗಿಸಬಹುದು. ಕರೆಯಲ್ಲಿ ಹೇಳಬೇಕಾದ್ದೂ ಇದನ್ನೇ: "ಈಗ ಸರಿಯಾಗಿದ್ದಾರೆ, ಆದರೆ 6:55ರಿಂದ 7:15ರವರೆಗೆ ಬಾಯಿ ಸೊಟ್ಟಗಿತ್ತು, ಬಲಗೈ ಏಳುತ್ತಿರಲಿಲ್ಲ."